ಕೈಗವಸು ಕಲಿತದ್ದು

ನನ್ನ ಹೆಂಡತಿಯ ಬಲಗೈ ನಡುಗಲು ಶುರುವಾದಾಗ ನಾವಿಬ್ಬರೂ ಅದನ್ನು ಚಹಾದ ಮೇಲೆ ಹಾಕಿದೆವು. ಚಹಾ ಬಿಟ್ಟಳು. ಆಮೇಲೆ ಉಪವಾಸದ ಮೇಲೆ ಹಾಕಿದೆವು, ಉಪವಾಸ ಬಿಟ್ಟಳು. ಬಿಡಲು ಮತ್ತೇನೂ ಉಳಿಯದಾದಾಗ ಡಾಕ್ಟರ ಹತ್ತಿರ ಹೋದೆವು. ಅವರು ಎರಡೂ ಕೈ ಮುಂದೆ ಚಾಚಲು ಹೇಳಿದರು, ಬೆರಳಿನಿಂದ ಮೂಗು ಮುಟ್ಟಲು ಹೇಳಿದರು, ಕೋಣೆಯ ಈ ಗೋಡೆಯಿಂದ ಆ ಗೋಡೆಯವರೆಗೆ ನಡೆಸಿ ನೋಡಿದರು. ರೋಗ ಮೆದುಳಿನಲ್ಲಿದೆ, ಮೊದಲು ನಡುಕ, ಆಮೇಲೆ ಬಿಗಿತ. ಮಾತ್ರೆಯಿಂದ ನಿಧಾನ ಮಾಡಬಹುದು, ಹಿಂದಕ್ಕೆ ತಿರುಗಿಸಲಾಗದು ಎಂದರು. ಸುಳ್ಳು ಹೇಳುವವರಲ್ಲ. ಹೊರಗೆ ಬಂದು ಆಟೋದಲ್ಲಿ ಕೂತ ಮೇಲೆ ಅವಳು ಆಡಿದ್ದು ಒಂದೇ ಮಾತು.

"ರೊಟ್ಟಿ ಬಡಿಯಾಕ ಬರ್ತದೋ ಇಲ್ಲೋ, ಅದು ಕೇಳಬೇಕಿತ್ತರೀ."

ನಮ್ಮ ಮನೆ ಕಲಬುರಗಿಯ ಜೇವರ್ಗಿ ಕಾಲೋನಿಯ ಒಂದು ಒಳರಸ್ತೆಯಲ್ಲಿದೆ. ನಾನು ಹತ್ತನೇ ತರಗತಿ ಮುಗಿಸಿ ತೊಗರಿ ಬೇಳೆ ಮಿಲ್ಲಿಗೆ ಸೇರಿದವನು. ಜರಡಿ ಯಂತ್ರಗಳ ಪಕ್ಕದಲ್ಲೇ ನನ್ನ ದುಡಿಮೆಯ ಕಾಲವೆಲ್ಲ ಹೋಯಿತು. ಅವಳು ಮನೆಯಲ್ಲಿ ಜೋಳದ ರೊಟ್ಟಿ ಮಾಡಿ ಕೊಡುತ್ತಿದ್ದಳು. ಗಂಡ ಹೆಂಡತಿ ಇಬ್ಬರೂ ನೌಕರಿಗೆ ಹೋಗುವ ಮನೆಗಳು, ಟ್ಯೂಷನ್ನಿಗೆಂದು ಬಂದು ಕೋಣೆ ಮಾಡಿಕೊಂಡಿರುವ ಹುಡುಗರು, ಹಲ್ಲಿಲ್ಲದ ಒಬ್ಬ ನಿವೃತ್ತ ಮೇಷ್ಟ್ರು, ಎಲ್ಲರಿಗೂ ಅವಳ ರೊಟ್ಟಿಯೇ ಆಗಬೇಕು. ನಮ್ಮ ಕಡೆ ರೊಟ್ಟಿ ತಟ್ಟುವುದಿಲ್ಲ, ಬಡಿಯುತ್ತಾರೆ. ಎಸರಿನಲ್ಲಿ ನಾದಿದ ಹಿಟ್ಟಿನ ಉಂಡೆಯನ್ನು ಒಣಹಿಟ್ಟಿನ ಮೇಲಿಟ್ಟು ಬಲಗೈಯಿಂದ ಬಡಿಯುವುದು, ಎಡಗೈ ಬೆರಳಿನಿಂದ ಅಷ್ಟಷ್ಟೇ ತಿರುಗಿಸುವುದು. ಕೈ ಬೀಳುವ ಜಾಗ ಒಂದೇ, ಸುತ್ತುವುದು ರೊಟ್ಟಿ. ನೋಡುವವರಿಗೆ ಕೆಲಸವೆಲ್ಲ ಬಲಗೈಯದೇ ಅನ್ನಿಸುತ್ತದೆ. ಕೈ ಸ್ವಲ್ಪ ತಪ್ಪಿ ಬಿದ್ದರೆ ಅಂಚು ಸೀಳುತ್ತದೆ, ಸೀಳಿದ ರೊಟ್ಟಿ ಹಂಚಿನ ಮೇಲೆ ಉಬ್ಬುವುದಿಲ್ಲ.

ನಡುಕ ಬಂದ ಮೇಲೆ ರೊಟ್ಟಿಗಳು ಸೀಳತೊಡಗಿದವು. ಗಿರಾಕಿಗಳು ಏನೂ ಅನ್ನಲಿಲ್ಲ. ಮೇಷ್ಟ್ರು ಮಾತ್ರ, ನನಗೆ ಹೇಗೂ ಮುರಿದು ಸಾರಿನಲ್ಲಿ ನೆನೆಸಬೇಕು, ಮುರಿದದ್ದನ್ನೇ ಕೊಡಿ ಎಂದು ನಗುತ್ತ ಹೇಳಿದರು. ಅವರು ಸಮಾಧಾನಕ್ಕೆ ಹೇಳಿದ್ದು. ಅವಳು ಮರುದಿನದಿಂದ ಅವರಿಗೆ ಕೊಡುವುದನ್ನು ನಿಲ್ಲಿಸಿದಳು. ಲಟ್ಟಣಿಗೆಯಿಂದ ಮಾಡು ಎಂದು ನಾನೊಮ್ಮೆ ಹೇಳಿ ನೋಡಿದೆ. ಅವಳು ನನ್ನತ್ತ ನೋಡಿದ ರೀತಿಗೆ ಆ ಮಾತು ಇನ್ನೊಮ್ಮೆ ಎತ್ತಲಿಲ್ಲ.

ಅವಳ ತಮ್ಮ ಕಮಲಾಪುರದಿಂದ ಹೈಸ್ಕೂಲಿಗೆಂದು ನಮ್ಮ ಮನೆಗೆ ಬಂದವನು, ನೌಕರಿ ಹತ್ತುವವರೆಗೂ ನಮ್ಮಲ್ಲೇ ಉಳಿದ. ನಮಗೆ ಮಕ್ಕಳಾಗಲಿಲ್ಲ, ಅವನೇ ಮಗನ ಹಾಗೆ. ಈಗ ಇಲ್ಲಿಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತಾನೆ. ಮದುವೆಯಾದ ಮೇಲೆ ಕಮಲಾಪುರದಲ್ಲೇ ಮನೆ ಮಾಡಿದ್ದಾನೆ, ಬಸ್ಸಿನಲ್ಲಿ ಬಂದು ಹೋಗುತ್ತಾನೆ. ಅವನ ಸಂಶೋಧನೆ ಅಲುಗಾಟವನ್ನು ಅಡಗಿಸುವ ಬಗ್ಗೆ. ಹಿಂದೊಮ್ಮೆ ನಮ್ಮಿಬ್ಬರನ್ನೂ ಕಾಲೇಜಿಗೆ ಕರೆದುಕೊಂಡು ಹೋಗಿ ತೋರಿಸಿದ್ದ. ಮೇಜಿನ ಅಂಚಿಗೆ ಒಂದು ತುದಿ ಬಿಗಿದ ತೆಳ್ಳನೆಯ ಲೋಹದ ಪಟ್ಟಿ. ಇನ್ನೊಂದು ತುದಿ ಗಾಳಿಯಲ್ಲಿ ಗುಂಯ್ ಎಂದು ನಡುಗುತ್ತಿತ್ತು. ಅವನು ಕಂಪ್ಯೂಟರಿನಲ್ಲಿ ಏನೋ ಒತ್ತಿದ. ಪಟ್ಟಿ ಮೆಲ್ಲಮೆಲ್ಲಗೆ ಸುಮ್ಮನಾಯಿತು. ಅದನ್ನು ನಡುಗಿಸುತ್ತಿದ್ದ ಮೋಟಾರು ಮಾತ್ರ ಓಡುತ್ತಲೇ ಇತ್ತು.

ಅಕ್ಕನ ಕೈಗೂ ಅದನ್ನೇ ಮಾಡುತ್ತೇನೆ ಎಂದು ಅವನು ಬಂದು ಹೇಳಿದ ದಿನ ಅವಳು ಮೊದಲು ನಕ್ಕಳು.

"ನನ್ನ ಕೈ ನಿನ್ನ ತಗಡಿನ ಪಟ್ಟಿ ಆತೇನೋ?"

"ಪಟ್ಟಿಗಿಂತ ಕಷ್ಟ ಅದ ಅಕ್ಕಾ. ಪಟ್ಟಿ ಒಂದೇ ಥರ ನಡಗ್ತದ. ನಿಂದು ಗಳಿಗಿಗೊಂದು ಥರ."

"ನಾನೇ ಹಂಗ ಇದ್ದೀನಲ್ಲ. ನಿಮ್ಮ ಮಾವನ ಕೇಳು."

ಅವನು ನನಗೆ ತಿಳಿಯುವ ಹಾಗೆ ಹೇಳಿದ್ದನ್ನು ನಾನು ನೆನಪಿಟ್ಟುಕೊಂಡಿದ್ದೇನೆ. ನಡುಕವನ್ನು ಹಗ್ಗ ಕಟ್ಟಿ ನಿಲ್ಲಿಸುವುದಲ್ಲ. ಕೈ ಮೇಲಕ್ಕೆ ಅದುರುವಾಗ ಅಷ್ಟೇ ಬಲದಿಂದ ಕೆಳಗೆ ಒತ್ತುವುದು, ಕೆಳಕ್ಕೆ ಅದುರುವಾಗ ಮೇಲಕ್ಕೆ. ಆದರೆ ನಡುಕ ಬಂದ ಮೇಲೆ ಒತ್ತಿದರೆ ತಡವಾಗುತ್ತದೆ, ಬರುವ ಮುಂಚೆ ಊಹಿಸಬೇಕು. ಊಹಿಸುವ ಆ ಲೆಕ್ಕಕ್ಕೆ ಅವರು ಅಡಾಪ್ಟಿವ್ ಫಿಲ್ಟರ್, ತಾನೇ ಹೊಂದಿಕೊಳ್ಳುವ ಸೋಸುಗ, ಎನ್ನುತ್ತಾರೆ. ಅದು ಒಂದು ಊಹೆ ಮಾಡುತ್ತದೆ, ಒತ್ತುತ್ತದೆ, ಒತ್ತಿದ ಮೇಲೂ ಎಷ್ಟು ನಡುಕ ಉಳಿಯಿತೆಂದು ನೋಡುತ್ತದೆ. ಉಳಿದದ್ದಕ್ಕೆ ತಕ್ಕಂತೆ ತನ್ನ ಊಹೆಯನ್ನು ಚೂರು ತಿದ್ದಿಕೊಳ್ಳುತ್ತದೆ. ಹೀಗೆ ಕ್ಷಣಕ್ಷಣಕ್ಕೂ. ಕೈ ಬದಲಾದರೆ ಅದೂ ಬದಲಾಗುತ್ತದೆ, ಯಾರೂ ಹೇಳಿಕೊಡಬೇಕಿಲ್ಲ. ಎಷ್ಟು ಬೇಗ ತಿದ್ದಿಕೊಳ್ಳಬೇಕು ಎಂಬುದನ್ನು ಮಾತ್ರ ನಾವು ಗೊತ್ತುಮಾಡಿ ಇಡಬೇಕು, ಅದೇ ನಾಜೂಕಿನ ಕೆಲಸ ಎಂದ.

"ಚಹಾ ಸೋಸಾದು ನೋಡೀನಿ, ಹಿಟ್ಟು ಸೋಸಾದು ನೋಡೀನಿ," ಎಂದಳು ಅವಳು. "ನಡುಕ ಸೋಸ್ತಾರಂತ ಇವತ್ತ ಕೇಳಿದೆ."

ಕೈಗವಸು ಎಂದು ನಾವು ಕರೆದದ್ದಷ್ಟೇ, ಅದು ಗವಸಿನಂತೆ ಇರಲಿಲ್ಲ. ಮುಂಗೈಗೆ ಒಂದು ತೊಗಲಿನ ಪಟ್ಟಿ, ಅಂಗೈಯ ಹಿಂಬದಿಗೆ ಇನ್ನೊಂದು, ನಡುವೆ ಮಣಿಕಟ್ಟಿನ ಪಕ್ಕದಲ್ಲಿ ಪುಟ್ಟ ಮೋಟಾರು. ಅಂಗೈ ತೆರೆದಿರಬೇಕು ಎಂದು ಅವಳೇ ಷರತ್ತು ಹಾಕಿದ್ದಳು. ಅದರಿಂದ ಒಂದು ತಂತಿ ಅವನ ಲ್ಯಾಪ್‌ಟಾಪಿಗೆ ಹೋಗುತ್ತಿತ್ತು. ಪರದೆಯ ಮೇಲೆ ಅವಳ ಕೈ ಒಂದು ಗೆರೆಯಾಗಿ ಓಡುತ್ತಿತ್ತು. ಮೊದಲ ಸಲ ಆ ಗೆರೆ ನೋಡಿದಾಗ ನಾನು ಪರದೆ ಬಿಟ್ಟು ಅವಳ ಕೈಯತ್ತ ತಿರುಗಿದೆ. ಅಲ್ಲಿಯವರೆಗೆ ನಡುಕ ಅವಳದಾಗಿತ್ತು. ಪರದೆಯಲ್ಲಿ ಅದು ರೋಗವಾಗಿ ಕಂಡಿತು.

ಮೊದಲ ದಿನ ಅವನು ಬೇಗ ಕಲಿಯುವಂತೆ ಇಟ್ಟಿದ್ದ. ಮೋಟಾರು ಅತಿಯಾಗಿ ತಿದ್ದಿಕೊಂಡು, ಆ ತಿದ್ದುಪಡಿಯನ್ನು ಮತ್ತೆ ಅತಿಯಾಗಿ ತಿದ್ದಿಕೊಂಡು, ಕೈಯನ್ನು ಹಿಡಿದು ಜಾಡಿಸತೊಡಗಿತು. ಮುಂದಿದ್ದ ನೀರಿನ ಲೋಟ ಹಾರಿ ಅವನ ಅಂಗಿಯ ಮೇಲೆ ಬಿತ್ತು. ಅವನು ಗಾಬರಿಯಿಂದ ತಂತಿ ಕಿತ್ತ. ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು, ಸಣ್ಣವನಿದ್ದಾಗ ಇವನಿಗೆ ಸ್ನಾನ ಮಾಡಿಸಲು ಓಡಾಡಿಸಬೇಕಿತ್ತು, ಈಗ ಕೂತಲ್ಲೇ ಮಾಡಿಸಿದೆ ಎಂದಳು. ನಿಧಾನ ಕಲಿಯುವಂತೆ ಇಟ್ಟರೆ ಅದು ನಡುಕದ ಹಿಂದೆ ಬೀಳುತ್ತಿತ್ತು. ನಡುವಿನ ಒಂದು ಜಾಗ ಸಿಗುವವರೆಗೆ ಅವನು ಅನೇಕ ಭಾನುವಾರ ನಮ್ಮ ಮನೆಯಲ್ಲೇ ಕಳೆದ. ಚಮಚ, ಬಾಚಣಿಗೆ, ಪೆನ್ನು, ಗುಂಡಿ, ತುಂಬಿದ ಲೋಟ, ಒಂದೊಂದನ್ನೇ ಹಿಡಿಸಿ ನೋಡುತ್ತಿದ್ದ. ಹೊರದೇಶದವರು ಬರೆದದ್ದರಲ್ಲಿ ಹೀಗೇ ಪರೀಕ್ಷಿಸುತ್ತಾರಂತೆ.

ಒಂದು ಭಾನುವಾರ ಮಧ್ಯಾಹ್ನ ಅವಳು ಬಿಟ್ಟಿದ್ದ ಚಹಾವನ್ನೇ ಬಸಿ ತುಂಬ, ಕಪ್ಪಿನ ಕೆಳಗಿಡುವ ಆ ತಟ್ಟೆ ತುಂಬ, ಹಿಡಿದು ಕುಡಿದಳು. ಒಂದು ಹನಿ ಕೆಳಗೆ ಬೀಳಲಿಲ್ಲ. ಅವಳ ತಮ್ಮ ಆ ಕಡೆ ಮುಖ ತಿರುಗಿಸಿ ಕೂತ. ಅವಳು ಬಸಿ ಕೆಳಗಿಟ್ಟು, ಕೈಗೆ ಕಟ್ಟಿದ್ದನ್ನು ಬಿಚ್ಚದೆ, ತಂತಿ ಎಳೆದುಕೊಂಡೇ ಅಡುಗೆ ಮನೆಗೆ ಹೋಗಿ ಎಸರಿಟ್ಟಳು. ಲ್ಯಾಪ್‌ಟಾಪನ್ನು ನಾನು ಹಿಂದೆ ಹಿಂದೆಯೇ ಹಿಡಿದುಕೊಂಡು ಹೋದೆ.

ಹಿಟ್ಟು ನಾದಿದಳು, ಉಂಡೆ ಮಾಡಿ ಇಟ್ಟಳು, ಬಡಿಯಲು ಶುರು ಮಾಡಿದಳು. ಮೊದಲ ನಾಲ್ಕಾರು ಬಡಿತ ಸರಿಯಾಗಿ ಬಿದ್ದವು. ಆಮೇಲೆ ಕೈ ಭಾರವಾದಂತೆ ಕಂಡಿತು. ಮೇಲೆತ್ತಿದ ಕೈ ಮೇಲೆಯೇ ತಡೆಯಿತು, ಕೆಳಗೆ ಬರುವಾಗ ಯಾರೋ ಮಣಿಕಟ್ಟು ಹಿಡಿದು ಎಳೆದಂತೆ ನಿಧಾನವಾಗಿ ಬಂತು. ಅವಳು ಜೋರು ಹಾಕಿದಳು. ಅದೂ ಜೋರು ಹಾಕಿತು. ಕೊನೆಗೆ ಅವಳ ಕೈ ಹಿಟ್ಟಿನಿಂದ ಒಂದು ಗೇಣು ಮೇಲೆ ಗಾಳಿಯಲ್ಲಿ ನಿಂತುಬಿಟ್ಟಿತು, ಅಲುಗದೆ. ಅಷ್ಟು ಸ್ಥಿರವಾಗಿ ಆ ಕೈಯನ್ನು ನಾನು ಬಹಳ ದಿನದಿಂದ ನೋಡಿರಲಿಲ್ಲ.

ಅವಳ ತಮ್ಮ ಒಮ್ಮೆ ಪರದೆ ನೋಡಿದ, ಒಮ್ಮೆ ಅಕ್ಕನ ಕೈ ನೋಡಿದ. ಅವನಿಗೆ ತಕ್ಷಣ ತಿಳಿಯಿತು, ಮುಖ ಇಳಿಯಿತು. ರೊಟ್ಟಿ ಬಡಿಯುವ ವೇಗ ಮತ್ತು ನಡುಕದ ವೇಗ ಹೆಚ್ಚು ಕಡಿಮೆ ಒಂದೇ. ಚಮಚ ಎತ್ತುವುದು, ತಲೆ ಬಾಚುವುದು ನಿಧಾನದ ಚಲನೆ, ಅದನ್ನು ಬಿಟ್ಟು ಬೇಗಬೇಗನೆ ಅದುರುವುದನ್ನಷ್ಟೇ ಅಡಗಿಸು ಎಂದು ಅವನು ಅದಕ್ಕೆ ಹೇಳಿದ್ದ. ಅದು ಹೇಳಿದಂತೆ ಮಾಡಿತು. ಬಡಿತವನ್ನೂ ನಡುಕವೆಂದು ತಿಳಿದು, ಬರುಬರುತ್ತ ಚೆನ್ನಾಗಿ ಕಲಿತು, ಅಡಗಿಸಿತು. ಮಿಲ್ಲಿನಲ್ಲಿ ಬೇಳೆಯಷ್ಟೇ ಗಾತ್ರದ ಕಲ್ಲು ಬಂದರೆ ಯಾವ ಜರಡಿಯೂ ಬೇರೆ ಮಾಡುವುದಿಲ್ಲ. ನಾನು ಅದನ್ನು ಹಾಗೆ ಅರ್ಥ ಮಾಡಿಕೊಂಡೆ.

ಅವನು ಓದಿದ ಪುಸ್ತಕಗಳನ್ನು ಬರೆದವರ ಮನೆಯಲ್ಲಿ ಯಾರೂ ರೊಟ್ಟಿ ಬಡಿಯುವುದಿಲ್ಲ. ಅವನಾದರೋ ಆ ಶಬ್ದ ಕೇಳಿಯೇ ಎದ್ದು ಶಾಲೆಗೆ ಹೋದವನು. "ಹ್ಯಾಂಗ ಮರ್ತೆ ಮಾವ, ಹ್ಯಾಂಗ ಮರ್ತೆ ನಾ," ಎಂದು ಗೋಡೆಗೊರಗಿ ಕೂತ. ಅವಳು ಎಡಗೈಯಿಂದ ಹಿಟ್ಟನ್ನು ಮತ್ತೆ ಉಂಡೆ ಮಾಡುತ್ತ, ಚಹಾ ಕುಡಿದೆನಲ್ಲ, ಅಷ್ಟು ಸಾಕು ಎಂದಳು. ಸಾಕಾಗಿರಲಿಲ್ಲವೆಂದು ಮೂವರಿಗೂ ಗೊತ್ತಿತ್ತು.

ಎಳ್ಳಮಾವಾಸ್ಯೆ ಹತ್ತಿರ ಬರುತ್ತಿತ್ತು. ಆ ದಿನ ನಮ್ಮ ಭಾಗದಲ್ಲಿ ಎಲ್ಲರೂ ಸಜ್ಜಿ ರೊಟ್ಟಿ, ಕಾಳು ಸೊಪ್ಪಿನ ಭಜ್ಜಿ ಪಲ್ಯ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ, ಚರಗವೆಂದು ಒಂದಿಷ್ಟು ಅಡುಗೆಯನ್ನು ಪೈರಿಗೆ ಚೆಲ್ಲಿ ಅಲ್ಲೇ ಕೂತು ಉಣ್ಣುತ್ತಾರೆ. ಪ್ರತಿ ವರ್ಷ ಅವಳು ಮುಂಚೆಯೇ ಕಮಲಾಪುರಕ್ಕೆ ಹೋಗಿ ತವರಿನವರಿಗೆಲ್ಲ ತಾನೇ ಬಡಿಯುತ್ತಿದ್ದಳು. ಈ ಸಲವೂ ಬಡಿಯಬೇಕು ಎಂಬುದೊಂದೇ ಅವಳ ತಲೆಯಲ್ಲಿತ್ತು. ಸಜ್ಜಿ ಹಸನು ಮಾಡಿಸಿ, ಬೀಸಿಸಿ, ಡಬ್ಬಿಯಲ್ಲಿ ತುಂಬಿಟ್ಟಳು.

ತಮ್ಮ ಇನ್ನೊಂದು ದಾರಿ ಹುಡುಕಿದ. ಒಳ್ಳೆಯ ಬಡಿತ ಹೇಗಿರುತ್ತದೆ ಎಂದು ಫಿಲ್ಟರಿಗೆ ಬೇರೆ ಕಡೆಯಿಂದ ತೋರಿಸುತ್ತಿದ್ದರೆ, ಅದಕ್ಕೆ ಹೊಂದುವುದನ್ನು ಬಿಟ್ಟು ಉಳಿದದ್ದನ್ನಷ್ಟೇ ಅದು ಅಡಗಿಸುತ್ತದೆ ಎಂದ. ಅಕ್ಕ ಆರಾಮಿದ್ದಾಗ ಬಡಿದದ್ದು ಯಾರ ಫೋನಿನಲ್ಲಾದರೂ ಇದೆಯೇ ಎಂದು ಹುಡುಕಿದೆವು. ಮದುವೆಯಲ್ಲಿ ಅವಳು ಆರತಿ ಹಿಡಿದದ್ದು ಇತ್ತು, ಸೀರೆ ಅಂಗಡಿಯಲ್ಲಿ ಕೂತದ್ದು ಇತ್ತು. ದಿನಾ ನಡೆಯುವುದನ್ನು ಯಾರು ಹಿಡಿದಿಡುತ್ತಾರೆ? ಹಾಗಾದರೆ ಪಕ್ಕದಲ್ಲಿ ಇನ್ನೊಬ್ಬರು ಕೂತು ಅವಳ ಜೊತೆಯಲ್ಲೇ ಬಡಿಯಬೇಕು, ಅವರ ಕೈಗೆ ಕಟ್ಟಿದ ಸೆನ್ಸರ್ ಆ ಬಡಿತವನ್ನು ಕೊಡುತ್ತದೆ ಎಂದ. ರೊಟ್ಟಿ ಬಡಿಯುವ ಹೆಂಗಸರಿಗೆ ನಮ್ಮ ಓಣಿಯಲ್ಲಿ ಬರವಿಲ್ಲ. ಆದರೆ ಅವಳು ಒಪ್ಪಲಿಲ್ಲ.

"ಬ್ಯಾರೆ ಹೆಂಗಸು ಬಂದು ಬಾಜೂಕ ಕೂತು ಬಡೀತಾಳಂದ್ರ ಆಕೀನೇ ಮಾಡ್ಲಿ ರೊಟ್ಟಿ. ನಾ ಯಾಕ ಬೇಕು?"

ಹೀಗೆ ಆ ಕೆಲಸ ನನಗೆ ಬಂತು. ಗಡಿಯಾರದಷ್ಟು ದೊಡ್ಡ ಸೆನ್ಸರನ್ನು ನನ್ನ ಮಣಿಕಟ್ಟಿಗೆ ಕಟ್ಟಿದ. ಅವಳ ಎದುರು ಬರೀ ಹಲಗೆ ಇಟ್ಟುಕೊಂಡು ನಾನು ಬಡಿಯಲು ಕಲಿಯತೊಡಗಿದೆ. ಅಷ್ಟು ವರ್ಷ ದಿನಾ ಕೇಳಿದವನಿಗೆ ಕೈಯಲ್ಲಿ ಅದು ಬರಲಿಲ್ಲ.

"ಎಮ್ಮಿ ಬೆನ್ನು ತಟ್ಟಾಕತ್ತೀರೇನು? ಕೈ ಹಗೂರ ಇರಲಿ."

"ಹಗೂರ ಅದ ಅಲ್ಲ?"

"ಹಗೂರ ಅಂದ್ರ ಸತ್ತಂಗ ಅಲ್ಲರೀ. ಬಿದ್ದ ಕೈ ತಾನೇ ಏಳಬೇಕು."

ಪಕ್ಕದ ಮನೆಯ ಆಪಾ ಗೋಡೆಯಾಚೆಯಿಂದ ಕೇಳಿ ಒಂದು ದಿನ ಬಾಗಿಲಿಗೆ ಬಂದರು. "ಆವಾಜ್ ಡಬಲ್ ಬರಾಕತ್ತದಲ್ಲ ಅಕ್ಕಾ, ಹೊಸಾ ನೌಕರ ಇಟ್ಟೀರೇನು?" ಎಂದರು. ನನ್ನನ್ನು ನೋಡಿ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಪಗಾರಿಲ್ಲದ ನೌಕರ, ಹೊಟ್ಟೆಗಿಷ್ಟು ಹಾಕಿದರೆ ಸಾಕು ಎಂದಳು ನನ್ನ ಹೆಂಡತಿ. ಆ ದಿನಗಳಲ್ಲಿ ನಾವು ನಕ್ಕಷ್ಟು ಮೊದಲೆಂದೂ ನಕ್ಕಿರಲಿಲ್ಲವೇನೋ. ಆದರೆ ಅದೇ ದಿನಗಳಲ್ಲಿ ಅವಳು ಸೀರೆಯ ನೆರಿಗೆ ಹಿಡಿಯಲು ಮೊದಲಿಗಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಿದ್ದಳು. ನಡೆಯುವಾಗ ಬಲಗೈ ಬೀಸುತ್ತಿರಲಿಲ್ಲ. ಡಾಕ್ಟರು ಹೇಳಿದ ಬಿಗಿತ ಇದೇ ಎಂದು ಇಬ್ಬರೂ ಬಲ್ಲೆವು.

ಅಮಾವಾಸ್ಯೆಯ ಹಿಂದಿನ ದಿನ ಬೆಳಗಿನ ಬಸ್ಸಿಗೆ ಕಮಲಾಪುರಕ್ಕೆ ಹೋದೆವು. ತಮ್ಮನ ಮನೆಯ ಪಡಸಾಲೆಯಲ್ಲಿ ಬಿಸಿಲು ಬೀಳುವ ಜಾಗದಲ್ಲಿ ಎರಡು ಹಲಗೆ ಹಾಕಿದರು. ತಮ್ಮನ ಹೆಂಡತಿ ಒಲೆಯ ಮುಂದೆ ಹಂಚು ಕಾಯಿಸಿಕೊಂಡು ಕೂತಳು. ನಾನು ಸೆನ್ಸರ್ ಕಟ್ಟಿಕೊಂಡೆ, ಅವಳಿಗೆ ಕೈಗವಸು ಕಟ್ಟಿದರು. ಸಜ್ಜಿ ಹಿಟ್ಟು, ಮೇಲೆ ಎಳ್ಳು. ಶುರು ಮಾಡಿ ಎಂದು ತಮ್ಮ ತಲೆಯಾಡಿಸಿದ. ನಾನು ಬರೀ ಹಲಗೆಯ ಮೇಲೆ ಬಡಿಯತೊಡಗಿದೆ, ಅವಳು ಹಿಟ್ಟಿನ ಮೇಲೆ ಬಡಿದಳು.

ಕೈ ನಿಲ್ಲಲಿಲ್ಲ. ಬಿತ್ತು, ಎದ್ದಿತು, ಬಿತ್ತು. ರೊಟ್ಟಿ ಸುತ್ತತೊಡಗಿತು, ಅಗಲವಾಯಿತು, ಅಂಚು ಸೀಳಲಿಲ್ಲ. ತಮ್ಮನೂ ಪರದೆ ಬಿಟ್ಟು ರೊಟ್ಟಿಯನ್ನೇ ನೋಡುತ್ತಿದ್ದ. ಅವನ ಹೆಂಡತಿ ಎರಡೂ ಕೈಯಿಂದ ಎತ್ತಿ ಹಂಚಿಗೆ ಹಾಕಿದಳು, ಅದು ಉಬ್ಬಿತು. ಅವನು ಎದ್ದು ಅಂಗಳಕ್ಕೆ ಹೋಗಿ ಮತ್ತೆ ಒಳಗೆ ಬಂದ, ಎಲ್ಲಿ ನಿಲ್ಲಬೇಕೋ ತಿಳಿಯದವರ ಹಾಗೆ.

ಅವಳು ನಗಲಿಲ್ಲ. ಬೆಂದ ರೊಟ್ಟಿಯನ್ನು ತರಿಸಿ ತೊಡೆಯ ಮೇಲಿಟ್ಟುಕೊಂಡು ಬೆರಳಿನಿಂದ ಸವರಿ ನೋಡಿದಳು. ನಡುವೆ ತೆಳ್ಳಗೆ, ಅಂಚಿಗೆ ಬರಬರುತ್ತ ದಪ್ಪ. ಅವಳ ರೊಟ್ಟಿ ಎಲ್ಲ ಕಡೆ ಒಂದೇ ಸಮ ಇರುತ್ತಿತ್ತು.

"ಇದು ನಿಮ್ಮ ರೊಟ್ಟಿ ರೀ. ನಂದಲ್ಲ."

ನಿನ್ನ ಕೈಯೇ ಬಡಿದದ್ದು ಎಂದೆ.

"ನಾ ಬಡೀಬೇಕಂದಾಗ ಹಿಡೀತದ. ನೀವು ಬಡದಾಗ ಬಿಡ್ತದ. ಅಂಚಿಗೆ ಬಂದಾಗ ನಾ ಜಲ್ದಿ ಹೊಡೀಬೇಕಂತೀನಿ, ಬಿಡವಲ್ದು. ನನ್ನ ಕೈ ಸುಮ್ನ ನಿಮ್ಮ ಹಿಂದ ಹೊಂಟದ."

ತಮ್ಮ ಕೂತು ಪರದೆಯ ಗೆರೆಗಳನ್ನು ಹಿಂದಕ್ಕೆ ಓಡಿಸಿ ಬಹಳ ಹೊತ್ತು ನೋಡಿದ. ಅವಳು ಹೇಳಿದ್ದು ನಿಜವಾಗಿತ್ತು. ನನ್ನ ಬಡಿತಕ್ಕೆ ಹೊಂದಿದ್ದೆಲ್ಲ ದಾಟಿ ಹೋಗಿತ್ತು. ಹೊಂದದೆ ಇದ್ದದ್ದೆಲ್ಲ, ಅವಳು ಬೇಕೆಂದೇ ಮಾಡಿದ್ದೂ ಸೇರಿ, ನಡುಕದ ಲೆಕ್ಕಕ್ಕೆ ಹೋಗಿ ಅಡಗಿತ್ತು. ಅವಳ ಕೈಯ ಇಚ್ಛೆ ಯಾವುದು, ರೋಗ ಯಾವುದು ಎಂದು ಅವಳ ಒಳಗಿನಿಂದ ಹೊರತು ಬೇರೆಲ್ಲಿಂದಲೂ ತಿಳಿಯುವಂತಿರಲಿಲ್ಲ, ಒಳಕ್ಕೆ ಹಾಕಲು ಅವನ ಹತ್ತಿರ ಸೆನ್ಸರ್ ಇರಲಿಲ್ಲ. ಇನ್ನೊಂದು ತಿಂಗಳು ಕೊಡು ಅಕ್ಕಾ ಎಂದ. ಅವಳು ಕೈ ಮುಂದೆ ಚಾಚಿದಳು.

"ಬಿಚ್ಚು ತಮ್ಮಾ. ನೀ ಭಾಳ ಮಾಡಿದಿ. ಬಿಚ್ಚಿನ್ನ."

ಬಿಚ್ಚಿದ ಮೇಲೆ ಬರಿಗೈಯಲ್ಲಿ ಬಡಿದಳು. ಸೀಳಿತು. ಮುದ್ದೆ ಮಾಡಿ ಮತ್ತೆ ಬಡಿದಳು, ಮತ್ತೆ ಸೀಳಿತು. ಕೊನೆಗೆ ತಾನೇ ಹಲಗೆಯನ್ನು ತಮ್ಮನ ಹೆಂಡತಿಯ ಕಡೆ ಸರಿಸಿ, ಗೋಡೆ ಹಿಡಿದು ಎದ್ದು, ಬಚ್ಚಲಿಗೆ ಹೋಗಿ ಕೈ ತೊಳೆದುಕೊಂಡಳು. ನೀರಿನ ಸದ್ದು ಬಹಳ ಹೊತ್ತು ಬರುತ್ತಿತ್ತು. ಮರುದಿನ ಹೊಲದಲ್ಲಿ ಎಲ್ಲರ ಜೊತೆ ಕೂತು ಉಂಡಳು. ಯಾರೋ ಕೆಂಪು ಬಾಳೆಹಣ್ಣು ತಂದಿದ್ದರು, ಅದನ್ನೂ ತಿಂದಳು. ಚೆನ್ನಾಗಿದೆ ಎಂದಳು.

ಅಲ್ಲಿಂದ ಮುಂದೆ ಹೇಳಿಕೊಳ್ಳುವಂಥದ್ದು ಹೆಚ್ಚಿಲ್ಲ. ಅವಳ ತಮ್ಮ ತನ್ನ ಲೆಕ್ಕವನ್ನು ತಿದ್ದಿ ತಿದ್ದಿ ಹೊಸದು ತರುತ್ತಿದ್ದ, ಅವಳು ಅವನ ಮನಸ್ಸಿಗಾಗಿ ಕೈ ಚಾಚುತ್ತಿದ್ದಳು. ಬಿಗಿತ ಹೆಚ್ಚಾದಂತೆ ನಡುಕ ತಾನಾಗಿಯೇ ಕಡಿಮೆಯಾಗುತ್ತ ಬಂತು. ಒಂದು ದಿನ ಕಟ್ಟಿ ನೋಡಿದಾಗ ಮೋಟಾರು ಸದ್ದೇ ಮಾಡಲಿಲ್ಲ. ಕೆಟ್ಟಿದೆಯೇ ಎಂದು ಕೇಳಿದೆ. ಕೆಟ್ಟಿಲ್ಲ ಮಾವ, ಅದಕ್ಕೆ ಕೆಲಸ ಇಲ್ಲ ಎಂದ. ಪರದೆಯ ಗೆರೆ ನೆಟ್ಟಗೆ ಹೋಗುತ್ತಿತ್ತು. ಬೆರಳುಗಳು ಒಳಕ್ಕೆ ಮಡಚಿಕೊಂಡಿದ್ದವು. ಅವನೇ ಅವಕ್ಕೆ ಎಣ್ಣೆ ಹಚ್ಚಿ ಒಂದೊಂದಾಗಿ ಬಿಡಿಸಿ, ಕೈಗವಸನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸಿಗೆ ಹೋದ. ಮತ್ತೆ ತರಲಿಲ್ಲ.

ಆಮೇಲೆ ನುಂಗುವುದು ಕಷ್ಟವಾಯಿತು. ರೊಟ್ಟಿಯನ್ನು ಹಾಲಿನಲ್ಲಿ ಕಿವುಚಿ ತಿನ್ನಿಸುತ್ತಿದ್ದೆ, ಆಪಾ ಮಾಡಿ ಕೊಟ್ಟ ರೊಟ್ಟಿ. ಆಮೇಲೆ ಅದೂ ಇಳಿಯಲಿಲ್ಲ. ಎದೆಯಲ್ಲಿ ಕಫ ಕಟ್ಟಿ ಆಸ್ಪತ್ರೆಗೆ ಸೇರಿಸಿದೆವು. ಬೇಸಿಗೆಯ ಒಂದು ಮಧ್ಯಾಹ್ನ ಹೋದಳು. ನಾನು ಆ ಬಲಗೈ ಹಿಡಿದುಕೊಂಡಿದ್ದೆ. ಯಾವಾಗ ಹೋದಳೆಂದು ಕೈಯಿಂದ ನನಗೆ ತಿಳಿಯಲಿಲ್ಲ.

ತಮ್ಮ ಈಗ ಮತ್ತೆ ಆ ಲೋಹದ ಪಟ್ಟಿಯ ಮೇಲೆ ಕೆಲಸ ಮಾಡುತ್ತಾನೆ. ಅಕ್ಕನ ಕೈಯ ಗೆರೆಗಳೆಲ್ಲ ತನ್ನ ಹತ್ತಿರ ಇವೆ, ಅಳಿಸಲು ಮನಸ್ಸಾಗುವುದಿಲ್ಲ ಎಂದ. ಅವು ರೋಗದ ಗೆರೆಗಳು ಎಂದು ನನ್ನ ಬಾಯಿಗೆ ಬಂದಿತ್ತು, ಇರಲಿ ಇಟ್ಟುಕೋ ಎಂದೆ.

ನಾನು ಬೆಳಗ್ಗೆ ಬೇಗ ಎಚ್ಚರಾಗುತ್ತೇನೆ. ಕಾಲೋನಿಯಲ್ಲಿ ಆ ಹೊತ್ತಿಗೆ ಮನೆಮನೆಯಿಂದ ರೊಟ್ಟಿ ಬಡಿಯುವ ಸದ್ದು ಬರುತ್ತದೆ. ಕಣ್ಣು ಮುಚ್ಚಿ ಅವಳದನ್ನು ನೆನೆಸಿಕೊಳ್ಳಲು ನೋಡುತ್ತೇನೆ. ಅವಳು ಆರಾಮಿದ್ದಾಗಿನದು, ಅಂಚಿಗೆ ಬಂದಾಗ ಅವಸರವಾಗುತ್ತಿದ್ದದ್ದು. ಸಂಸಾರದ ಉದ್ದಕ್ಕೂ ಕೇಳಿದ್ದೇನೆ, ಎಲ್ಲಾದರೂ ಉಳಿದಿರಬೇಕು. ಆದರೆ ಆ ಚಳಿಗಾಲದಲ್ಲಿ ನಾನು ಅಷ್ಟು ಬಡಿದೆನಲ್ಲ, ಹಲಗೆಯ ಮುಂದೆ ಕೂತು, ಅವಳ ಕೈ ನಿಲ್ಲದಿರಲೆಂದು. ನೆನೆಸಿಕೊಂಡಾಗಲೆಲ್ಲ ಕೇಳುವುದು ನನ್ನದೇ ಬಡಿತ. ಅದನ್ನು ಕಳೆದು ಅವಳದನ್ನು ಉಳಿಸಿಕೊಳ್ಳಲು ನೋಡಿದೆ. ಬರುವುದಿಲ್ಲ.